ತನ್ನ ಪಾಡಿಗೆ ತಾನಿರುವ ಡೆಸ್ಕ್‌ಟಾಪ್: ಏಳು ವರ್ಷ ಎಕ್ಸ್‌ಎಫ್‌ಸಿಇ ಬಳಸಿದ ಮೇಲೆ

ಮೊದಲ ದಿನವೇ ತಪ್ಪು ಗುಂಡಿ ಒತ್ತಿದೆ. 2018ರಲ್ಲಿ ನನ್ನ ಲಿನಕ್ಸ್ ಕಂಪ್ಯೂಟರ್‌ಗೆ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಹಾಕಿಕೊಂಡು ಲಾಗಿನ್ ಆದಾಗ ಒಂದು ಪುಟ್ಟ ಪ್ರಶ್ನೆ ಬಂತು: ಪ್ಯಾನೆಲ್, ಅಂದರೆ ಪರದೆಯ ಅಂಚಿನ ಪಟ್ಟಿ, ಸಿದ್ಧವಾದದ್ದು ಬೇಕೋ, ಖಾಲಿಯದು ಬೇಕೋ? ಖಾಲಿ ಅಂದರೆ ಚೊಕ್ಕಟವಾಗಿರುತ್ತದೆ ಅಂದುಕೊಂಡು ಅದನ್ನೇ ಒತ್ತಿದೆ. ಮೆನು ಇಲ್ಲ, ಗಡಿಯಾರ ಇಲ್ಲ, ಕಂಪ್ಯೂಟರ್ ಆಫ್ ಮಾಡುವ ಗುಂಡಿಯೂ ಇಲ್ಲ. ಬರೀ ಒಂದು ಪಟ್ಟಿ. ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿದರೆ ಎಲ್ಲ ಅಪ್ಲಿಕೇಶನ್‌ಗಳೂ ಅಲ್ಲೇ ಸಿಗುತ್ತವೆ ಎಂದು ಗೊತ್ತಾಗಲು ಅರ್ಧ ಗಂಟೆ ಬೇಕಾಯಿತು. ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದೇ ಈ ಬಲ ಕ್ಲಿಕ್ ವಿಷಯ.

ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಅಂದರೇನು ಎಂದು ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಲಿನಕ್ಸ್ ಒಂದು, ಅದರ ಮೇಲೆ ಕಣ್ಣಿಗೆ ಕಾಣುವ ಪ್ಯಾನೆಲ್, ವಿಂಡೋ, ಫೈಲ್ ಮ್ಯಾನೇಜರ್, ಸೆಟ್ಟಿಂಗ್ಸ್ ಇವೆಲ್ಲ ಇನ್ನೊಂದು. ಈ ಎರಡನೆಯದಕ್ಕೇ ಆ ಹೆಸರು. ಒಂದೇ ಲಿನಕ್ಸ್ ಮೇಲೆ ಗ್ನೋಮ್ ಕೂರಿಸಬಹುದು, ಕೆಡಿಇ ಕೂರಿಸಬಹುದು, ಎಕ್ಸ್‌ಎಫ್‌ಸಿಇ ಕೂಡ. ಇದನ್ನು 1996ರಲ್ಲಿ ಶುರು ಮಾಡಿದವರು ಒಲಿವಿಯೆ ಫೂರ್ದಾನ್. ಆಗ ಎಕ್ಸ್‌ಫಾರ್ಮ್ಸ್ ಎಂಬ ಟೂಲ್‌ಕಿಟ್ (ಗುಂಡಿ, ಮೆನುಗಳನ್ನು ಕಟ್ಟುವ ಸಾಮಗ್ರಿ) ಬಳಸಿ ಕಟ್ಟಿದ್ದರಿಂದ ಈ ಹೆಸರು ಬಂತು. ಆಮೇಲೆ ಅದನ್ನು ಬಿಟ್ಟು ಜಿಟಿಕೆ ಎಂಬ ಇನ್ನೊಂದು ಟೂಲ್‌ಕಿಟ್‌ಗೆ ಬಂದರು, ಹೆಸರು ಮಾತ್ರ ಉಳಿದುಕೊಂಡಿತು. ಅರ್ಥ ಹುಡುಕಲು ಹೋಗಬೇಡಿ, ಈಗ ಅದಕ್ಕೆ ಅರ್ಥ ಇಲ್ಲ.

ಶುರು ಮಾಡುವುದಕ್ಕೆ ಸುಲಭದ ದಾರಿ ಅಂದರೆ ಎಕ್ಸ್‌ಎಫ್‌ಸಿಇ ಸಮೇತ ಸಿಗುವ ಲಿನಕ್ಸ್‌ಗಳಾದ ಜುಬುಂಟು, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಫೆಡೋರಾದ ಎಕ್ಸ್‌ಎಫ್‌ಸಿಇ ಸ್ಪಿನ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಲೈವ್ ಆಗಿ ಓಡಿಸಿ ನೋಡುವುದು. ಕಂಪ್ಯೂಟರ್‌ನ ಡಿಸ್ಕ್‌ನಲ್ಲಿ ಇರುವುದೇನೂ ಅಳಿಸುವುದಿಲ್ಲ. ನಾನು ಹಾಗೆ ಮಾಡದೆ, ಆಗಲೇ ಇದ್ದ ಇನ್ನೊಂದು ಡೆಸ್ಕ್‌ಟಾಪ್‌ನ ಪಕ್ಕದಲ್ಲೇ ಇದನ್ನೂ ಸೇರಿಸಿದೆ. ಕೆಲಸ ಆಗುತ್ತದೆ, ಲಾಗಿನ್ ಪರದೆಯಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಆದರೆ ಮೆನುವಿನಲ್ಲಿ ಎರಡು ಫೈಲ್ ಮ್ಯಾನೇಜರ್, ಎರಡು ಟೆಕ್ಸ್ಟ್ ಎಡಿಟರ್, ಎರಡು ಟರ್ಮಿನಲ್. ಒಂದು ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ. ಮೂರು ತಿಂಗಳಾದ ಮೇಲೆ ಎಲ್ಲ ತೆಗೆದು ಹೊಸದಾಗಿ ಹಾಕಿದೆ.

ಮೊದಲ ವಾರದಲ್ಲಿ ಗಾಬರಿ ಹುಟ್ಟಿಸುವ ಎರಡು ಸಂಗತಿ ಇವೆ. ಒಮ್ಮೆ ಟಚ್‌ಪ್ಯಾಡ್ ಮೇಲೆ ಎರಡು ಬೆರಳು ಆಡಿಸಿದ್ದೆ, ತೆರೆದಿದ್ದ ವಿಂಡೋಗಳೆಲ್ಲ ಮಾಯ. ಬರೆದದ್ದೆಲ್ಲ ಹೋಯಿತು ಅಂತ ಎದೆ ಧಸಕ್ಕೆಂದಿತು. ಏನೂ ಹೋಗಿರಲಿಲ್ಲ. ಖಾಲಿ ಡೆಸ್ಕ್‌ಟಾಪ್ ಮೇಲೆ ಸ್ಕ್ರೋಲ್ ಮಾಡಿದರೆ ಇದು ಮುಂದಿನ ವರ್ಕ್‌ಸ್ಪೇಸ್‌ಗೆ, ಅಂದರೆ ವಿಂಡೋಗಳನ್ನು ಹರಡಿಕೊಳ್ಳುವ ಇನ್ನೊಂದು ಪರದೆಗೆ ಹೋಗುತ್ತದೆ, ಅಷ್ಟೇ. ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನಲ್ಲಿ ಇದನ್ನು ಆಫ್ ಮಾಡಬಹುದು. ಇನ್ನೊಂದು, ಲಾಗೌಟ್ ಆಗುವಾಗ ಕೆಳಗೆ ಕಾಣುವ ಸೆಷನ್ ಉಳಿಸುವ ಟಿಕ್ ಗುರುತು. ಅದನ್ನು ಒಮ್ಮೆ ಹಾಕಿಬಿಟ್ಟರೆ ಆ ಹೊತ್ತು ತೆರೆದಿದ್ದದ್ದೆಲ್ಲ ಮುಂದಿನ ಸಲ ತಾನಾಗಿ ತೆರೆದುಕೊಳ್ಳುತ್ತದೆ. ಅದರ ಪರಿಚಯ ಇಲ್ಲದೆ ತಿಂಗಳುಗಟ್ಟಲೆ ಬೆಳಗ್ಗೆ ಬೆಳಗ್ಗೆ ಕ್ಯಾಲ್ಕುಲೇಟರ್ ಮುಖ ನೋಡಿದೆ. ಸೆಷನ್ ಅಂಡ್ ಸ್ಟಾರ್ಟಪ್‌ಗೆ ಹೋಗಿ ಉಳಿಸಿದ್ದನ್ನು ಅಳಿಸಿದ ಮೇಲೆಯೇ ಅದು ಹೋಯಿತು.

ನನ್ನನ್ನು ಇಲ್ಲಿ ಕಟ್ಟಿಹಾಕಿರುವುದು ಥೂನಾರ್, ಇದರ ಫೈಲ್ ಮ್ಯಾನೇಜರ್. ನೋಡಲು ಸಾದಾ. ಆದರೆ ಹತ್ತಾರು ಫೈಲ್ ಆರಿಸಿ ಎಫ್2 ಒತ್ತಿ ನೋಡಿ. ಎಲ್ಲದರ ಹೆಸರನ್ನೂ ಒಟ್ಟಿಗೆ ಬದಲಿಸುವ ಕಿಟಕಿ ತೆರೆಯುತ್ತದೆ, ಎಡಕ್ಕೆ ಹಳೆಯ ಹೆಸರು, ಬಲಕ್ಕೆ ಹೊಸದು. ಬದಲಿಸುವ ಮೊದಲೇ ಫಲಿತಾಂಶ ಕಣ್ಣೆದುರು ಇರುತ್ತದೆ. ನನ್ನ ಕೆಲಸದಲ್ಲಿ ಸ್ಕ್ಯಾನ್ ಮಾಡಿದ ಪುಟಗಳು ನೂರಾರು ಬರುತ್ತವೆ. ಅವಕ್ಕೆ ಕ್ರಮಸಂಖ್ಯೆ ಹಾಕುವುದು ಈಗ ಅರ್ಧ ನಿಮಿಷದ ಕೆಲಸ.

ಅದಕ್ಕಿಂತ ಜಾಸ್ತಿ ಇಷ್ಟವಾದದ್ದು ಕಸ್ಟಮ್ ಆಕ್ಷನ್ಸ್. ಬಲ ಕ್ಲಿಕ್ ಮೆನುವಿಗೆ ನಮ್ಮದೇ ಒಂದು ಸಾಲು ಸೇರಿಸಬಹುದು. ಚಿತ್ರವನ್ನು ಚಿಕ್ಕದು ಮಾಡುವ, ಇಮೇಜ್‌ಮ್ಯಾಜಿಕ್ ಎಂಬ ಪ್ರೋಗ್ರಾಂನ ಆಜ್ಞೆಯೊಂದನ್ನು ಐದು ವರ್ಷದ ಹಿಂದೆ ಅಲ್ಲಿ ಬರೆದಿಟ್ಟೆ. ಮತ್ತೆ ಟರ್ಮಿನಲ್‌ನಲ್ಲಿ ಅದನ್ನು ಟೈಪ್ ಮಾಡಿದ ನೆನಪಿಲ್ಲ. ಎಕ್ಸ್‌ಎಫ್‌ಸಿಇಯ 4.18 ಆವೃತ್ತಿಯಲ್ಲಿ ಎಫ್3 ಒತ್ತಿದರೆ ಕಿಟಕಿ ಇಬ್ಭಾಗವಾಗುವ ಸೌಲಭ್ಯ ಬಂತು, ಮಾಡಿದ್ದನ್ನು ಹಿಂದಕ್ಕೆ ತರುವ ಅನ್‌ಡೂ ಕೂಡ ಬಂತು. 2022ರ ತನಕ ಫೈಲ್ ಮ್ಯಾನೇಜರ್‌ನಲ್ಲಿ ಅನ್‌ಡೂ ಇರಲಿಲ್ಲವೇ ಅಂತ ನಗಬೇಡಿ. ಇಲ್ಲಿ ಎಲ್ಲವೂ ನಿಧಾನ.

ಆ ನಿಧಾನವೇ ನನಗೆ ಹಿಡಿಸಿದ್ದು. ನಾನು ಶುರು ಮಾಡಿದಾಗ ಇದ್ದದ್ದು 2015ರ 4.12. ಮುಂದಿನ 4.14 ಬಂದದ್ದು 2019ರಲ್ಲಿ. ಒಳಗಡೆ ಎಲ್ಲವನ್ನೂ ಜಿಟಿಕೆ 3ಕ್ಕೆ ಬದಲಿಸಿದ್ದರು, ಹೊರಗಿನಿಂದ ನೋಡಿದರೆ ಅದೇ ಮೆನು, ಅದೇ ಜಾಗ. 4.16, 4.18, ಈಗ 4.20. ಅಪ್‌ಡೇಟ್ ಆದ ಮರುದಿನ ಗುಂಡಿ ಎಲ್ಲಿ ಹೋಯಿತು ಅಂತ ಹುಡುಕುವ ಪಾಡು ಒಮ್ಮೆಯೂ ಬರಲಿಲ್ಲ. 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಏದುಸಿರು ಬಿಡದೆ ಓಡಿತು. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ ಮಾತ್ರ ಯಾವ ಡೆಸ್ಕ್‌ಟಾಪ್ ಇದ್ದರೂ ಕಥೆ ಅಷ್ಟೇ, ಅಲ್ವಾ?

ಕನ್ನಡದಲ್ಲಿ ಬರೆಯಲು ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಟ್ಯಾಬ್‌ನಲ್ಲಿ ಕಗಪ ಎಂಬ ಕನ್ನಡ ಕೀಲಿ ವಿನ್ಯಾಸ ಸಿಗುತ್ತದೆ. ಪ್ಯಾನೆಲ್‌ಗೆ ಲೇಔಟ್ ಪ್ಲಗಿನ್ ಸೇರಿಸಿಕೊಂಡರೆ ಒಂದು ಕ್ಲಿಕ್‌ಗೆ ಭಾಷೆ ಬದಲು.

ಕೊರತೆಗಳೂ ಇವೆ. ಹಲವು ಥೀಮ್‌ಗಳಲ್ಲಿ ವಿಂಡೋದ ಅಂಚು ಕೂದಲೆಳೆಯಷ್ಟು ತೆಳು, ಮೌಸ್‌ನಲ್ಲಿ ಹಿಡಿದೆಳೆಯಲು ಹೋದರೆ ಜಾರುತ್ತದೆ. ಆಲ್ಟ್ ಒತ್ತಿ ಹಿಡಿದು ವಿಂಡೋ ಒಳಗೆ ಎಲ್ಲಿ ಬೇಕಾದರೂ ಬಲ ಗುಂಡಿಯಿಂದ ಎಳೆಯಿರಿ, ಅಳತೆ ಬದಲಾಗುತ್ತದೆ. ಎಡ ಗುಂಡಿಯಾದರೆ ವಿಂಡೋ ಸರಿಯುತ್ತದೆ. ಇದು ರೂಢಿಯಾದ ಮೇಲೆ ಬೇರೆ ಕಂಪ್ಯೂಟರ್‌ಗಳಲ್ಲಿ ಕೈ ತಡವರಿಸುತ್ತದೆ. ಮೂರು ಬೆರಳಿನ ಟಚ್‌ಪ್ಯಾಡ್ ಸನ್ನೆ ಬೇಕೆಂದರೆ ಬೇರೆ ಪ್ರೋಗ್ರಾಂ ಹಾಕಿಕೊಳ್ಳಬೇಕು. ತುಂಬಾ ಹೆಚ್ಚು ರೆಸಲ್ಯೂಶನ್‌ನ ಪರದೆಗಳಲ್ಲಿ ಒಂದೂಕಾಲು, ಒಂದೂವರೆ ಪಟ್ಟು ದೊಡ್ಡದು ಮಾಡುವುದು ಇಲ್ಲಿ ಅಷ್ಟು ನಯವಾಗಿಲ್ಲ. ನಾನು ಅಕ್ಷರದ ಗಾತ್ರ ಹಿಗ್ಗಿಸುವ ಡಿಪಿಐ ಸಂಖ್ಯೆ ಹೆಚ್ಚಿಸಿ ಸುಧಾರಿಸಿಕೊಂಡಿದ್ದೇನೆ. ವಿಂಡೋಗಳನ್ನು ಪರದೆಗೆ ಮೂಡಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಬೇಕೇ ಬೇಕು ಎನ್ನುವವರು ಸದ್ಯಕ್ಕೆ ಕೆಡಿಇ ಅಥವಾ ಗ್ನೋಮ್ ನೋಡುವುದು ವಾಸಿ. 2024ರ ಡಿಸೆಂಬರ್‌ನಲ್ಲಿ ಬಂದ 4.20ರಲ್ಲಿ ಅದು ಪ್ರಾಯೋಗಿಕವಾಗಿ ಮಾತ್ರ ಸೇರಿದೆ.

ಪ್ಯಾನೆಲ್ ಮನಸ್ಸಿಗೆ ಒಪ್ಪುವ ಹಾಗೆ ಜೋಡಿಸಿಕೊಂಡ ದಿನವೇ ಪ್ಯಾನೆಲ್ ಪ್ರೊಫೈಲ್ಸ್ ಎಂಬ ಪುಟ್ಟ ಪ್ರೋಗ್ರಾಂನಲ್ಲಿ ಅದನ್ನು ಉಳಿಸಿಡಿ. ಕಳೆದ ವರ್ಷ ಹೊಸ ಲ್ಯಾಪ್‌ಟಾಪ್ ಬಂದಾಗ ಆ ಒಂದು ಫೈಲ್ ತಂದು ಹಾಕಿದೆ. ಮೆನು, ಗಡಿಯಾರ, ವರ್ಕ್‌ಸ್ಪೇಸ್ ಚೌಕಗಳು ಹಳೆಯ ಜಾಗದಲ್ಲೇ ಬಂದು ಕೂತವು. ಕ್ಯಾಲ್ಕುಲೇಟರ್ ಮಾತ್ರ ಬರಲಿಲ್ಲ.