ಅಲರ್ ನಿಘಂಟು: ‘ಪಂಗಡ’ ಹುಡುಕಿದರೆ ಸಿಗುವುದೆಷ್ಟು?

ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುವವರ ಬ್ರೌಸರಿನಲ್ಲಿ ಅಲರ್ ಸದಾ ತೆರೆದೇ ಇರಬೇಕು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಈ ಪದಕೋಶ 2019ರಲ್ಲಿ ಮುಕ್ತ ಪರವಾನಗಿಯಡಿ ಅಂತರಜಾಲಕ್ಕೆ ಬಂತು. ಸುಮಾರು ಒಂದೂವರೆ ಲಕ್ಷ ಪದಗಳಿವೆ, ದುಡ್ಡು ಕೊಡಬೇಕಿಲ್ಲ.

ಆದರೆ ನಿಘಂಟಿನ ಬಂಡವಾಳ ಗೊತ್ತಾಗುವುದು ಅಪರೂಪದ ಪದದಲ್ಲಲ್ಲ, ‘ಪಂಗಡ’ದಂಥ ದಿನಬಳಕೆಯ ಪದದಲ್ಲಿ. ಅಲರ್ ವ್ಯಾಕರಣ ವರ್ಗ ಹೇಳುತ್ತದೆ, ಇಂಗ್ಲಿಷಿನಲ್ಲಿ ಅರ್ಥ ಕೊಡುತ್ತದೆ, ಅಲ್ಲಿಗೆ ಮುಗಿಯಿತು. ಬಳಕೆಯ ವಾಕ್ಯಗಳಿಲ್ಲ. ಗುಂಪು, ತಂಡ, ಬಣ, ಪಂಗಡ ಎಲ್ಲವೂ ಜನರ ಕೂಟವೇ ಸರಿ, ಒಂದರ ಜಾಗದಲ್ಲಿ ಇನ್ನೊಂದು ಮಾತ್ರ ಕೂರುವುದಿಲ್ಲ. ಕ್ರಿಕೆಟ್ ಆಡುವುದು ತಂಡ. ಪಕ್ಷದೊಳಗೆ ಮುನಿಸಿಕೊಂಡವರದು ಬಣ. ಅದನ್ನು ತಂಡ ಎಂದರೆ ಜಗಳವೇ ಮಾಯವಾಗುತ್ತದೆ. ರಕ್ತಕ್ಕೆ ಗುಂಪು, ಗಣಿತದ ಪಾಠದಲ್ಲಿ ಗಣ, ಉಪಗಣ. ಜಾತಿ, ಮತಗಳೊಳಗಿನ ಕವಲಿಗೆ ಒಳಪಂಗಡ.

ಎಡವುವುದು ಹೆಚ್ಚಾಗಿ ಸರ್ಕಾರಿ ಕಾಗದದಲ್ಲಿ. ಸಂವಿಧಾನದ 342ನೇ ವಿಧಿಯಡಿ ಪಟ್ಟಿಯಾದವರಿಗೆ ಕರ್ನಾಟಕದ ಅರ್ಜಿ, ಆದೇಶಗಳಲ್ಲಿ ಇರುವ ಹೆಸರು ‘ಪರಿಶಿಷ್ಟ ಪಂಗಡ’. ಮಾತಿನಲ್ಲಿ, ಲೇಖನದಲ್ಲಿ ‘ಬುಡಕಟ್ಟು’ ಸಲೀಸಾಗಿ ನಡೆಯುತ್ತದೆ. ಹಾಗೆಂದು ಇಂಗ್ಲಿಷ್ ಅರ್ಜಿಯನ್ನು ಕನ್ನಡಕ್ಕೆ ತರುವಾಗ ‘ಪರಿಶಿಷ್ಟ ಬುಡಕಟ್ಟು’ ಎಂದು ಬರೆದರೆ ತಿದ್ದುವ ಕೆಲಸ ಮೈಮೇಲೆ ಬರುತ್ತದೆ. ಇಂಗ್ಲಿಷಿನ ‘ಟ್ರೈಬ್’ ಎರಡಕ್ಕೂ ಹೊಂದುವುದರಿಂದ, ಬರೀ ಅರ್ಥ ಕೊಡುವ ನಿಘಂಟು ಇಲ್ಲಿ ಕೈಹಿಡಿಯಲಾರದು.

ಹುಡುಕುವಾಗ ವಿಭಕ್ತಿ, ಬಹುವಚನ ಕಳಚಿ: ‘ಪಂಗಡದವರಿಗೆ’ ಬೇಡ, ‘ಪಂಗಡ’ ಸಾಕು. ‘ಬಣಗಳಲ್ಲಿ’ ಎಂಬುದನ್ನು ‘ಬಣ’ಕ್ಕೆ ಇಳಿಸಿ. ಅಲರ್ ಉಚ್ಚಾರಣೆಯ ಆಧಾರದ ಮೇಲೂ ಹುಡುಕುತ್ತದೆ. ಕಾಗುಣಿತ ತುಸು ತಪ್ಪಿದರೂ ಪದ ಸಿಗಲಿ ಎಂಬ ಈ ಉಪಕಾರದ ಜೊತೆಗೆ ಅಕ್ಕಪಕ್ಕದ ಪದಗಳೂ ಬರಬಹುದು. ಅವಸರದಲ್ಲಿ ‘ಬನ’ದ ಅರ್ಥವನ್ನು ‘ಬಣ’ಕ್ಕೆ ಅಂಟಿಸಬೇಡಿ. ಶೀರ್ಷಿಕೆಯ ಪದದಲ್ಲಿ ಣ, ನ, ಳ, ಲ ಒಮ್ಮೆ ನೋಡಿಕೊಂಡೇ ಕೆಳಗಿಳಿಯಿರಿ.

ಹಳೆಯ ಕಾವ್ಯ, ಶಾಸನಗಳ ಪ್ರಯೋಗ ಬೇಕೆಂದರೆ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟೇ ಗತಿ, ಅದರಲ್ಲಿ ಉಲ್ಲೇಖಗಳಿವೆ. ಇವತ್ತಿನ ಬಳಕೆಗೆ ಪತ್ರಿಕೆಗಳನ್ನೂ ಸರ್ಕಾರಿ ಆದೇಶಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಪದಪಟ್ಟಿಯ ಮೇಲೆ ಆ್ಯಪ್ ಕಟ್ಟುವವರು ಅಲರ್‌ನ ಇಡೀ ದತ್ತಾಂಶವನ್ನು ಗಿಟ್‌ಹಬ್‌ನಿಂದ ಇಳಿಸಿಕೊಳ್ಳಬಹುದು, ಪರವಾನಗಿಯ ಷರತ್ತು ಓದಿಕೊಂಡು.