ಫೈಂಡ್ ಔಟ್, ಡಿಸ್ಕವರ್, ಫಿಗರ್ ಔಟ್: ನನ್ನ ಓಟು ಯಾವುದಕ್ಕೆ?

ನನ್ನ ಕೆಲಸದ ಇಮೇಲು, ವರದಿ ಎಲ್ಲ ಇಂಗ್ಲಿಷಿನಲ್ಲೇ. ‘ಗೊತ್ತಾಯ್ತು’, ‘ಪತ್ತೆ ಹಚ್ಚಿದೆ’ ಅನ್ನಬೇಕಾದ ಕಡೆ ಈ ಕ್ರಿಯಾಪದಗಳನ್ನೆಲ್ಲ ಹಾಕಿ ನೋಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟ ಫೈಂಡ್ ಔಟ್.

ಯಾರನ್ನೋ ಕೇಳಿ ತಿಳಿದರೂ ಸರಿ, ಸುಮ್ನೆ ಕಿವಿಗೆ ಬಿದ್ದರೂ ಸರಿ, ಅದು ನಡೆಯುತ್ತದೆ. ಮೀಟಿಂಗ್ ರದ್ದಾದದ್ದು ಈಗ ತಿಳಿಯಿತು ಅನ್ನಲು ‘ಜಸ್ಟ್ ಫೌಂಡ್ ಔಟ್’ ಸಾಕು. ಅಲ್ಲಿ ಡಿಸ್ಕವರ್ ಹಾಕಿದರೆ ತಪ್ಪಲ್ಲ, ಆದರೆ ದೊಡ್ಡ ಗುಟ್ಟು ರಟ್ಟಾದ ಹಾಗೆ ಕೇಳಿಸುತ್ತದೆ. ಫಿಗರ್ ಔಟ್ ಹಾಕಿದರೆ ಯಾರೂ ಹೇಳಲಿಲ್ಲ, ನಾನೇ ತಲೆ ಓಡಿಸಿ ಊಹಿಸಿದೆ ಅಂತಾಗುತ್ತದೆ.

ನೆಪ್ಚೂನ್ ಸಿಕ್ಕ ಕಥೆಯಲ್ಲಿ ಮೂರಕ್ಕೂ ಜಾಗವಿದೆ. ಯುರೇನಸ್ ಲೆಕ್ಕ ತಪ್ಪಿ ಚಲಿಸುತ್ತಿತ್ತು. ಅದನ್ನು ಹಿಡಿದು ಹೊಸ ಗ್ರಹ ಎಲ್ಲಿರಬೇಕೆಂದು ಫ್ರಾನ್ಸಿನ ಖಗೋಳಜ್ಞ ಲೆವೆರ್ಯೇ ಕಾಗದದ ಮೇಲೇ ಲೆಕ್ಕ ಹಾಕಿದರು: ಫಿಗರ್ ಔಟ್. 1846ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್ನಿನ ಖಗೋಳಜ್ಞ ಗಾಲೆ ದೂರದರ್ಶಕ ತಿರುಗಿಸಿ ಅದನ್ನು ಕಂಡರು: ಡಿಸ್ಕವರ್. ಆಮೇಲೆ ಸುದ್ದಿ ಓದಿದವರೆಲ್ಲರದ್ದು ಫೈಂಡ್ ಔಟ್. ನಾವು ದಿನವಿಡೀ ಮಾಡುವುದು ಈ ಮೂರನೆಯದನ್ನೇ ಅಲ್ವಾ?

ಫೈಂಡ್ ಔಟ್‌ನಲ್ಲಿ ಒಂದು ಕಿರಿಕಿರಿ ಇದೆ, ಆ ‘ಔಟ್’. ಕಳೆದ ಕೀಲಿ ಸಿಕ್ಕರೆ ಬರೀ ಫೈಂಡ್, ಔಟ್ ಬರಬಾರದು. ಅದೇ ಕೀಲಿ ಎಲ್ಲಿದೆ ಅನ್ನೋ ಮಾಹಿತಿ ಸಿಕ್ಕರೆ ಔಟ್ ಬೇಕು. ‘ಇಟ್’ ಸೇರಿಸಿದರೆ ಅದು ನಡುವೆ ಕೂರಬೇಕು: ‘ಫೈಂಡ್ ಇಟ್ ಔಟ್’. ತಿರುಗಿಸಿ ‘ಫೈಂಡ್ ಔಟ್ ಇಟ್’ ಅನ್ನುವ ಹಾಗಿಲ್ಲ.

ಮನುಷ್ಯರ ವಿಷಯದಲ್ಲಂತೂ ಜಾಸ್ತಿ ಎಚ್ಚರ ಬೇಕು. ಹೊಸ ಸಹೋದ್ಯೋಗಿಯ ಬಗ್ಗೆ ತಿಳಿಯಬೇಕು ಅನ್ನಲು ‘ಫೈಂಡ್ ಔಟ್ ಅಬೌಟ್ ಹಿಮ್’. ಅದರಲ್ಲಿ ‘ಅಬೌಟ್’ ಬಿಟ್ಟು ‘ಫೈಂಡ್ ಹಿಮ್ ಔಟ್’ ಅಂದರೆ ಅವನ ಕಳ್ಳಾಟ ಹಿಡಿಯುವುದು ಅಂತಾಗುತ್ತದೆ. ಪಾಪ, ಅವನೇನು ಮಾಡಿದ್ದಾನೆ? ಕಳಿಸುವ ಮುಂಚೆ ಈ ಒಂದು ಪದ ಇದೆಯಾ ಅಂತ ನಾನು ತಪ್ಪದೆ ನೋಡುತ್ತೇನೆ.

ಡಿಟೆಕ್ಟ್ ಹೊಗೆ, ಸೋರಿಕೆ, ರೋಗದಂಥ ಕಣ್ಣಿಗೆ ಸುಲಭವಾಗಿ ಬೀಳದ್ದಕ್ಕೆ. ಅಸರ್ಟೇನ್, ಅಂದರೆ ವಿಚಾರಿಸಿ ಖಚಿತಪಡಿಸಿಕೊಳ್ಳುವುದು, ಕಾನೂನು ಪತ್ರಗಳಿಗೆ ಇರಲಿ. ‘ಕೇಮ್ ಟು ನೋ’ ನಮಗೆ ಸಲೀಸು, ಆದರೆ ಹೊರಗಿನವರಿಗೆ ನಿಧಾನವಾಗಿ ಪರಿಚಯವಾದಂತೆ ಕೇಳಿಸುತ್ತದೆ.

ಚಿಕ್ಕ ವಾಕ್ಯ ಬರೆಯುವ ಅಭ್ಯಾಸ ನನ್ನದು, ಹಾಗಾಗಿ ಇಮೇಲಿಗೆ ಫೈಂಡ್ ಔಟ್ ಬಿಟ್ಟು ಬೇರೆ ಬೇಡ. ವರದಿಯಲ್ಲಿ ಸ್ವಲ್ಪ ಗಂಭೀರವಾಗಿರಬೇಕು ಅನಿಸಿದಾಗ ‘ಲರ್ನ್ಡ್’ ಬರೆಯುತ್ತೇನೆ, ಅದಕ್ಕೆ ಔಟ್‌ನ ಕಾಟವೂ ಇಲ್ಲ.