ಆಂಟೆನಾ ಇಳಿಸಿದ ಮೇಲೆ ಯಾವುದು: ಫ್ರೀ ಡಿಶ್, ಡಿಟಿಎಚ್ ಅಥವಾ ಕೇಬಲ್?

ಮನೆಯ ಆಂಟೆನಾಕ್ಕೆ ಸಿಗುತ್ತಿದ್ದ ದೂರದರ್ಶನದ ಅನಲಾಗ್ ಭೂಪ್ರಸಾರ ಬಹುತೇಕ ಕಡೆ 2022ರ ಹೊತ್ತಿಗೆ ನಿಂತಿತು. ಮೈಸೂರು ನಗರದ ಕೇಬಲ್ 2013ರಲ್ಲೇ ಡಿಜಿಟಲ್ ಆಗಬೇಕಿತ್ತು. ಹಳ್ಳಿಗಳ ಗಡುವು 2017ರವರೆಗೆ ಬೆಳೆಯಿತು. ಮಂಡ್ಯದ ಕಡೆಯ ಹಳ್ಳಿಮನೆಯ ಸೂರಿನ ಮೇಲೆ ಈಗಲೂ ನಿಂತಿರುವ ಅಲ್ಯೂಮಿನಿಯಂ ಆಂಟೆನಾ ಕಾಗೆ ಕೂರುವುದಕ್ಕಷ್ಟೇ ಉಪಯೋಗ.

ಖರ್ಚನ್ನು ನೋಡಿದರೆ, 2004ರಲ್ಲಿ ಆರಂಭವಾದ, ದೂರದರ್ಶನದ ಉಚಿತ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್‌ಗೆ ತಟ್ಟೆ ಮತ್ತು ಸೆಟ್-ಟಾಪ್ ಪೆಟ್ಟಿಗೆಯ ಹಣವನ್ನು ಒಮ್ಮೆ ಕೊಟ್ಟರೆ ಸಾಕು, ತಿಂಗಳ ಬಾಡಿಗೆಯಿಲ್ಲ. ಆದರೆ ಚಂದನ ಸಿಗುತ್ತದೆಯೇ ಹೊರತು, ಮನೆಮಂದಿ ಸಂಜೆ ಕಾಯುವ ಧಾರಾವಾಹಿಗಳ ಪಾವತಿ ವಾಹಿನಿಗಳು ಸಿಗುವುದಿಲ್ಲ. ಅವು ಬೇಕೆಂದರೆ ಖಾಸಗಿ ಡಿಟಿಎಚ್ (ಉಪಗ್ರಹದಿಂದ ನೇರ ಮನೆಯ ತಟ್ಟೆಗೆ ಬರುವ ಸೇವೆ) ಅಥವಾ ಕೇಬಲ್‌ಗೆ ತಿಂಗಳು ತಿಂಗಳು ಹಣ ಕಟ್ಟಲೇಬೇಕು. ಫ್ರೀ ಡಿಶ್ ಪೆಟ್ಟಿಗೆ ಕೊಳ್ಳುವವರು ಎಂಪೆಗ್-4 (ಚಿತ್ರವನ್ನು ಅಡಕಗೊಳಿಸಿ ಕಳಿಸುವ ಹೊಸ ವಿಧಾನ) ಮಾದರಿಯನ್ನೇ ಕೇಳಿ ಪಡೆಯಬೇಕು, ಏಕೆಂದರೆ ಹಳೆಯ ಎಂಪೆಗ್-2 ಪೆಟ್ಟಿಗೆಯಲ್ಲಿ ಕೆಲವು ವಾಹಿನಿಗಳು ಮೂಡುವುದಿಲ್ಲ.

ಜಾಗದ ಪ್ರಶ್ನೆಯನ್ನು ಜನ ಮರೆಯುತ್ತಾರೆ. ಫ್ರೀ ಡಿಶ್‌ನ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿರುವುದರಿಂದ ಮಂಡ್ಯದಲ್ಲಿ ತಟ್ಟೆ ಆಗ್ನೇಯಕ್ಕೆ ಮುಖಮಾಡಬೇಕು. ಆ ದಿಕ್ಕಿನಲ್ಲಿ ಗೋಡೆಗೊತ್ತಿದಂತೆ ತೆಂಗಿನಮರವಿದ್ದರೆ ಗರಿ ಅಲುಗಿದಾಗಲೆಲ್ಲ ಚಿತ್ರ ಒಡೆಯುತ್ತದೆ. ಜೋರು ಮಳೆಯಲ್ಲಿ ಯಾವ ತಟ್ಟೆಯ ಚಿತ್ರವೂ ಕೆಡಬಹುದು. ಅಂತಹ ಮನೆಗೆ ಕೇಬಲ್ ಅನುಕೂಲ, ಆದರೆ ದಾರಿಯಲ್ಲಿ ಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರ್‌ಗೆ ಕರೆಂಟು ಹೋದರೆ ಮನೆಯಲ್ಲಿ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ.

ವಾರ್ತೆ, ಕೃಷಿ ಕಾರ್ಯಕ್ರಮ ಸಾಕೆನ್ನುವ ವೃದ್ಧ ದಂಪತಿಗೆ ಫ್ರೀ ಡಿಶ್ ಹೊಂದುತ್ತದೆ. ತೋಟದ ಒಂಟಿಮನೆಯಲ್ಲಿ ಧಾರಾವಾಹಿ ಬಿಡದವರಿಗೆ ಡಿಟಿಎಚ್ ಸರಿ. ಊರೊಳಗೆ ಕರೆದರೆ ಬರುವ ಕೇಬಲ್‌ನವರಿದ್ದರೆ ನಾನಂತೂ ಕೇಬಲ್‌ನ್ನೇ ಮೊದಲು ವಿಚಾರಿಸುತ್ತೇನೆ.